ಎರಡನೆಯ ಸಲದ ಉತ್ತರ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯನ್ನು ಇಟ್ಟವರು ಆಯುಷ್ಯದ ಬಹುಪಾಲನ್ನು ಹಳ್ಳಿಯ ಶಾಲೆಗಳಲ್ಲಿ ಕಳೆದವರು. ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ವರ್ಷಕ್ಕೊಮ್ಮೆ ಯಾರಾದರೂ ಶಿಕ್ಷಣದ ಬಗ್ಗೆ ನಾಲ್ಕು ಮಾತಾಡಲಿ ಎಂದರು. ನಾನೂ ಅದೇ ಕಸುಬಿನವನು. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿದವನು. ಆದ್ದರಿಂದ ವಿದ್ವತ್ತಿನ ಮಾತು ಆಮೇಲಾಗಲಿ, ಮೊದಲು ಒಂದು ತಪ್ಪೊಪ್ಪಿಗೆ.

1980ರ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಕಾರವಾರದ ಕಡೆಯಿಂದ ಏರಿ, ಹುಬ್ಬಳ್ಳಿಯ ಸೀಮೆ ದಾಟಿ, ರಾಯಚೂರಿನ ಕಡೆಗೆ ಹಾದುಹೋಗುವುದಿತ್ತು. ನಾನಾಗ ಹುಬ್ಬಳ್ಳಿಗೆ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಹೊಸದಾಗಿ ಸೇರಿದ್ದ ಮಾಸ್ತರ. ಹಿಂದಿನ ದಿನ ಒಂಬತ್ತನೇ ತರಗತಿಯಲ್ಲಿ ಕಂದೀಲು, ಚೆಂಡು, ಲಿಂಬೆಹಣ್ಣು ಇಟ್ಟು ಗ್ರಹಣ ಹೇಗಾಗುತ್ತದೆ ಎಂದು ತೋರಿಸಿದ್ದೆ. ಬರೀ ನೆರಳಿನಾಟ, ರಾಹುವೂ ಇಲ್ಲ ಕೇತುವೂ ಇಲ್ಲ ಎಂದು ಎದೆ ಉಬ್ಬಿಸಿ ಹೇಳಿದ್ದೆ. ಬರಿಗಣ್ಣಿಂದ ನೋಡಬೇಡಿ ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದೆ.

ಮರುದಿನ ಗ್ರಹಣ ಹಿಡಿಯುವ ಹೊತ್ತಿಗೆ ನಾನು ಎಲ್ಲಿದ್ದೆ? ಮನೆಯೊಳಗೆ. ಅವ್ವ ಕೊಡದ ನೀರಿಗೆ, ಉಪ್ಪಿನಕಾಯಿ ಭರಣಿಗೆ ದರ್ಬೆ ಹಾಕಿದ್ದಳು. ಬಾಗಿಲು ಹಾಕು ಅಂದಳು, ಹಾಕಿದೆ. ಊಟ ಮಾಡಬೇಡ ಅಂದಳು, ಮಾಡಲಿಲ್ಲ. ಎರಡು ನಿಮಿಷಕ್ಕೂ ಹೆಚ್ಚು ಕಾಲ ಹಾಡಹಗಲೇ ಕತ್ತಲಾಗಿ ಹಕ್ಕಿಗಳು ಗೂಡಿಗೆ ತಿರುಗಿದವಂತೆ, ನಕ್ಷತ್ರ ಕಂಡವಂತೆ. ಆ ದೃಶ್ಯಕ್ಕೆಂದೇ ದೂರದೂರದಿಂದ ವಿಜ್ಞಾನಿಗಳು ಉಪಕರಣ ಹೊತ್ತು ಬಂದಿದ್ದರು. ವಿಜ್ಞಾನದ ಮಾಸ್ತರನಾದ ನಾನು ಬಾಗಿಲ ಸಂದಿಯ ಬೆಳಕು ಮಂಕಾಗುವುದನ್ನಷ್ಟೇ ಕಂಡೆ.

ಸೋಮವಾರ ಹಾಜರಿ ಕರೆಯುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತ. "ಸರ್, ಬರೇ ನೆರಳು ಅಂತ ನೀವ ಹೇಳಿದ್ರೆಲ್ಲಾ, ಮತ್ತ ನಿಮ್ಮ ಮನಿ ಬಾಗ್ಲಾ ಯಾಕ ಹಾಕಿತ್ರೀ?" ಅಂದ. ತರಗತಿ ಮುಸಿಮುಸಿ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. "ಸುಮ್ನ ಕುಂದರು. ದೊಡ್ಡವರಿಗೆ ಹಂಗೆಲ್ಲಾ ಕೇಳಬಾರದು" ಅಂದೆ. ಅವನು ಕೂತ. ಆ ವರ್ಷ ಮುಗಿಯುವವರೆಗೆ ನನ್ನ ತರಗತಿಯಲ್ಲಿ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಧರ್ಮದ ಬೋಧನೆಯನ್ನೂ ಶಾಲೆಯ ಪಾಠವನ್ನೂ ಪ್ರಶ್ನಿಸುವ ಎಳೆಯರ ಬಗ್ಗೆ ಇವತ್ತು ಮಾತಾಡಬೇಕೆಂದುಕೊಂಡಾಗ ನನಗೆ ಮೊದಲು ನೆನಪಾದದ್ದು ಆ ಹುಡುಗ. ಅವನ ಪ್ರಶ್ನೆ ಧರ್ಮಕ್ಕೂ ಹಾಕಿದ್ದಲ್ಲ, ವಿಜ್ಞಾನಕ್ಕೂ ಹಾಕಿದ್ದಲ್ಲ. ಅವೆರಡನ್ನೂ ಒಂದೇ ಅಂಗಿಯ ಎರಡು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ನನಗೆ ಹಾಕಿದ್ದು.

1

ಇನ್ನೊಬ್ಬ ಹುಡುಗನ ಕಥೆ ಹೇಳುತ್ತೇನೆ. ಇದು ದಾಖಲೆಯಲ್ಲಿರುವ ಕಥೆ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆಂದು ಡಾ. ಅಂಬೇಡ್ಕರ್ 1956ರಲ್ಲಿ ಒಂದು ಮುನ್ನುಡಿ ಬರೆದರು. ಮರುವರ್ಷ ಗ್ರಂಥ ಅಚ್ಚಾದಾಗ ಆ ಮುನ್ನುಡಿ ಅದರಲ್ಲಿರಲಿಲ್ಲ. ಓದುಗರ ಕೈಗೆ ಅದು ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ಬೌದ್ಧ ಧರ್ಮದ ಕಡೆ ತಾನು ಹೇಗೆ ತಿರುಗಿದೆ ಎಂಬುದನ್ನು ಹೇಳುತ್ತ ಅವರು ಅದರಲ್ಲಿ ತಮ್ಮ ಬಾಲ್ಯದ ಮನೆಗೆ ಹೋಗುತ್ತಾರೆ.

ತಂದೆ ರಾಮ್‌ಜಿ ಸಕ್ಪಾಲ್. ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನಿಕರ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಅಂದರೆ ಅವರೂ ಮೇಷ್ಟ್ರೇ. ಕಬೀರ ಪಂಥದವರು, ಮಹಾ ಶ್ರದ್ಧಾವಂತರು. ರಾತ್ರಿ ಮಲಗುವ ಮುನ್ನ ಗಂಡುಮಕ್ಕಳು ರಾಮಾಯಣ, ಮಹಾಭಾರತದ ಒಂದಷ್ಟು ಭಾಗವನ್ನು ಗಟ್ಟಿಯಾಗಿ ಓದಬೇಕು. ಅಕ್ಕಂದಿರೂ ನೆರೆಯವರೂ ಕೂತು ಕೇಳಬೇಕು. ವರ್ಷಗಟ್ಟಲೆ ಇದು ನಡೆಯಿತು.

ಹುಡುಗ ಭೀಮರಾವ್ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದ. ಅವನ ಸಮುದಾಯದಲ್ಲಿ ಅದು ದೊಡ್ಡ ಸಂಗತಿ. ಅದಕ್ಕೊಂದು ಅಭಿನಂದನಾ ಸಭೆ ನಡೆಯಿತು. ಲೇಖಕ ದಾದಾ ಕೇಳುಸ್ಕರ್ ತಾವೇ ಬರೆದ ಬುದ್ಧ ಚರಿತ್ರೆಯನ್ನು ಅಲ್ಲಿ ಹುಡುಗನ ಕೈಗಿತ್ತರು. ಅದನ್ನು ಓದಿದ ಮೇಲೆ ಅವನೊಳಗೆ ಒಂದು ಪ್ರಶ್ನೆ ಎದ್ದಿತು. ಬ್ರಾಹ್ಮಣ ಕ್ಷತ್ರಿಯರ ಹಿರಿಮೆಯನ್ನೂ ಶೂದ್ರರ, ಅಸ್ಪೃಶ್ಯರ ಕೀಳುತನವನ್ನೂ ಮತ್ತೆ ಮತ್ತೆ ಹೇಳುವ ಈ ಗ್ರಂಥಗಳನ್ನು ನಮ್ಮಿಂದ ಯಾಕೆ ಓದಿಸುತ್ತೀರಿ ಎಂದು ಅಪ್ಪನನ್ನೇ ಕೇಳಿಬಿಟ್ಟ.

ಅಪ್ಪನಿಗೆ ಪ್ರಶ್ನೆ ಹಿಡಿಸಲಿಲ್ಲ. ನೀವಿನ್ನೂ ಹುಡುಗರು, ಇಂಥ ಅಸಡ್ಡಾಳ ಪ್ರಶ್ನೆ ಕೇಳಬಾರದು, ಹೇಳಿದಷ್ಟು ಮಾಡಿ ಎಂಬರ್ಥದಲ್ಲಿ ಗದರಿದರು. ಹುಬ್ಬಳ್ಳಿಯ ಹತ್ತಿರದ ಆ ತರಗತಿಯಲ್ಲಿ ನಾನು ಹೇಳಿದ್ದೂ ಇದನ್ನೇ. ಇಲ್ಲಿಯವರೆಗೆ ರಾಮ್‌ಜಿಯವರಿಗೂ ನನಗೂ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಇದಾದ ಮೇಲೆ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಿಂದ ಈ ಹುಡುಗನಿಗೆ ಅಪ್ಪನ ಹತ್ತಿರ ತುಸು ಸಲಿಗೆ. ಕೆಲವು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ಈ ಸಲ ಅಪ್ಪ ಉತ್ತರವನ್ನು ತಯಾರು ಮಾಡಿಕೊಂಡಿದ್ದರು ಎಂದು ಅಂಬೇಡ್ಕರ್ ನೆನೆಯುತ್ತಾರೆ. ಈ ಒಂದು ವಿವರದ ಹತ್ತಿರ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಗದರಿ ಸುಮ್ಮನಾಗಿಸಿದ ಮೇಲೂ ಆ ಪ್ರಶ್ನೆಯನ್ನು ಆ ಹಿರಿಯ ತಲೆಯಲ್ಲಿಟ್ಟುಕೊಂಡು ಓಡಾಡಿದ್ದಾರೆ. ಮಗ ಮತ್ತೆ ಕೇಳಿಯೇ ಕೇಳುತ್ತಾನೆ, ಕೇಳಿದಾಗ ಹೇಳಲು ನನ್ನ ಹತ್ತಿರ ಏನಾದರೂ ಇರಬೇಕು ಎಂದುಕೊಂಡಿದ್ದಾರೆ.

ಅವರ ಉತ್ತರವೂ ಹಗುರಾದದ್ದಲ್ಲ. ನಾವು ಅಸ್ಪೃಶ್ಯರು, ನಿಮ್ಮೊಳಗೆ ಕೀಳರಿಮೆ ಬೆಳೆಯುವುದು ಸಹಜ, ಅದನ್ನು ಕಳೆಯಲೆಂದೇ ಇವನ್ನು ಓದಿಸುವುದು. ದ್ರೋಣನನ್ನು ನೋಡು, ಕರ್ಣನನ್ನು ನೋಡು, ಎಲ್ಲಿದ್ದವರು ಎಲ್ಲಿಗೆ ಏರಿದರು. ವಾಲ್ಮೀಕಿ ಕೋಳಿ ಜಾತಿಯವನಾಗಿದ್ದೂ ರಾಮಾಯಣ ಬರೆಯಲಿಲ್ಲವೇ ಎಂದರು. ಮಾತಿನಲ್ಲಿ ತೂಕವಿದೆ ಎಂದು ಹುಡುಗನಿಗೂ ಅನಿಸಿತು. ಆದರೆ ಒಪ್ಪಿಗೆಯಾಗಲಿಲ್ಲ. ಭೀಷ್ಮ, ದ್ರೋಣರು ಆಡುವುದೊಂದು ಮಾಡುವುದೊಂದು. ಕೃಷ್ಣನ ನಡೆ ವಂಚನೆಯದು. ಶೂರ್ಪನಖಿಯ ವಿಷಯದಲ್ಲಿ, ವಾಲಿಯ ವಿಷಯದಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಸೀತೆಯ ವಿಷಯದಲ್ಲಿ ರಾಮ ನಡೆದುಕೊಂಡ ರೀತಿಯೂ ನನಗೆ ಹಿಡಿಸದು ಎಂದುಬಿಟ್ಟ. ಅಪ್ಪ ಮಾತಾಡಲಿಲ್ಲ. ಮಗ ತಿರುಗಿಬಿದ್ದಿದ್ದಾನೆಂದು ಅವರಿಗೆ ಗೊತ್ತಾಗಿತ್ತು.

ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿಂದ. ನಂಬಿದ ಗ್ರಂಥವನ್ನೇ ತಿರಸ್ಕರಿಸಿದ ಮಗನ ಓದನ್ನು ಆ ತಂದೆ ನಿಲ್ಲಿಸಲಿಲ್ಲ. ಮುಂಬಯಿಯ ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ಮಗ ಬೇಕೆಂದ ಪುಸ್ತಕ ಕೊಳ್ಳಲು ಕೈಯಲ್ಲಿ ಹಣವಿಲ್ಲದಾಗ ಮದುವೆಯಾಗಿದ್ದ ಹೆಣ್ಣುಮಕ್ಕಳ ಮನೆಗೆ ಹೋಗಿ, ಅವರ ಒಡವೆ ಪಡೆದು ಅಡವಿಡುತ್ತಿದ್ದರು ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ವಾದದಲ್ಲಿ ಸೋತರೂ ಪುಸ್ತಕ ತಂದುಕೊಡುವುದನ್ನು ಬಿಡದ ಇಂಥ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಸಿಕ್ಕಾರು, ನೀವೇ ಎಣಿಸಿ.

2

ಮನೆಯ ಮಾತಾಯಿತು. ಇದೇ ಹುಡುಗನಿಗೆ ಶಾಲೆ ಏನು ಕಲಿಸಿತು?

ಸಾತಾರದ ಶಾಲೆಯಲ್ಲಿ ಅವನು ಕೂರಲು ಮನೆಯಿಂದ ಒಂದು ಗೋಣಿತಾಟು ತರಬೇಕಿತ್ತು, ಸಂಜೆ ಮತ್ತೆ ಮನೆಗೆ ಒಯ್ಯಬೇಕಿತ್ತು. ಕಸ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ರಜೆಯಾದರೆ ಅವತ್ತು ನೀರೂ ರಜೆ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಸಂಸ್ಕೃತ ಓದುವ ಆಸೆ. ಹೇಳಿಕೊಡಲು ಪಂಡಿತರು ಒಪ್ಪದೆ ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಸಂಸ್ಕೃತವನ್ನು ಅವರು ಆಮೇಲೆ ಸ್ವಂತ ಶ್ರಮದಿಂದ ಕಲಿತರು.

ಈ ಗೋಣಿತಾಟು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಆದರೆ ಆ ಶಾಲೆಯ ಅತಿ ದೊಡ್ಡ ಪಾಠ ಅದೇ ಆಗಿತ್ತು, ದಿನಾ ನಡೆಯುತ್ತಿತ್ತು, ರಜೆಯೂ ಇರಲಿಲ್ಲ. ಶಾಲೆಯಲ್ಲಿ ಏನು ಕಲಿಸುತ್ತಾರೆ ಎಂದು ನಾವು ಜಗಳವಾಡುವಾಗ ಸಾಮಾನ್ಯವಾಗಿ ಪುಸ್ತಕ ಹಿಡಿದು ಜಗಳವಾಡುತ್ತೇವೆ. ಯಾರ ಪಾಠ ಬಿಟ್ಟರು, ಯಾರದನ್ನು ಸೇರಿಸಿದರು ಎಂದು ಕರ್ನಾಟಕದಲ್ಲಿ 2022ರಲ್ಲಿ ಬೀದಿಗೆ ಬಂದದ್ದೂ ಆಯಿತು. ಆ ಜಗಳ ಬೇಡ ಎನ್ನುತ್ತಿಲ್ಲ. ಆದರೆ ಮಕ್ಕಳು ಪುಸ್ತಕಕ್ಕಿಂತ ಮೊದಲು ಓದುವುದು ನಮ್ಮ ನಡೆಯನ್ನು. ಯಾರು ಎಲ್ಲಿ ಕೂರುತ್ತಾರೆ, ಬಿಸಿಯೂಟಕ್ಕೆ ಯಾರು ಯಾರ ಪಕ್ಕ ಕೂರುವುದಿಲ್ಲ, ಯಾವ ಹುಡುಗನ ಹೆಸರನ್ನು ಮೇಷ್ಟ್ರು ಯಾವ ದನಿಯಲ್ಲಿ ಕರೆಯುತ್ತಾರೆ, ಯಾರ ಮನೆ ಬಾಗಿಲು ಗ್ರಹಣದ ದಿನ ಮುಚ್ಚಿತ್ತು. ಇದೆಲ್ಲ ಅವರಿಗೆ ಬಾಯಿಪಾಠ. ನಾವು ಬೋರ್ಡಿನ ಮೇಲೆ ಸಮಾನತೆ ಎಂದು ಬರೆದು ಅಡಿಗೆರೆ ಎಳೆಯುವಾಗ ಅವರು ಸುಮ್ಮನಿದ್ದಾರೆಂದರೆ, ಅದನ್ನು ನಂಬಿದ್ದಾರೆ ಎಂದುಕೊಳ್ಳಬೇಕಾಗಿಲ್ಲ.

ಪುಸ್ತಕದ ವಿಷಯದಲ್ಲೂ ಒಂದು ಮಾತು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಎಂಬ ಅಧ್ಯಾಯವಿತ್ತು. ಪಾಠದ ಹೊರೆ ಇಳಿಸುವ ಹೆಸರಿನಲ್ಲಿ ಜೀವವಿಕಾಸದ ಭಾಗ ಹೋಯಿತು. 2023ರ ಹೊಸ ಮುದ್ರಣದಲ್ಲಿ ಅಧ್ಯಾಯದ ಹೆಸರಿನಲ್ಲೂ ಆ ಪದ ಉಳಿಯಲಿಲ್ಲ. ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆಯಲ್ಲ ಎಂಬ ಸಮಾಧಾನ ಬಂತು. ಆದರೆ ಹತ್ತನೇ ತರಗತಿ ಮುಗಿಸಿ ವಾಣಿಜ್ಯಕ್ಕೋ ಕಲೆಗೋ ಐಟಿಐಗೋ ಹೋಗುವ, ಇಲ್ಲವೇ ಓದನ್ನೇ ಬಿಡುವ ಮಕ್ಕಳು ಎಷ್ಟು ಜನ ಎಂದು ಇಲ್ಲಿರುವ ಶಿಕ್ಷಕರಿಗೆ ನಾನು ಹೇಳಬೇಕಿಲ್ಲ. ಮನುಷ್ಯ ಎಲ್ಲಿಂದ ಬಂದ ಎಂಬ ಪ್ರಶ್ನೆ ಪುರಾಣ ಕೇಳಿದ ಪ್ರತಿ ಮಗುವಿಗೂ ಬರುತ್ತದೆ. ಆ ಪ್ರಶ್ನೆ ಹುಟ್ಟುವ ವಯಸ್ಸಿನಲ್ಲೇ ಶಾಲೆ ತನ್ನ ಉತ್ತರವನ್ನು ಹಿಂದಕ್ಕೆ ತೆಗೆದುಕೊಂಡರೆ, ರಾಮ್‌ಜಿಯವರ ಮೊದಲ ಸಲದ ಗದರಿಕೆಯನ್ನೇ ಅಚ್ಚು ಹಾಕಿಸಿದಂತಾಯಿತು.

3

ಪ್ರಶ್ನೆ ಕೇಳುವುದು ನಮ್ಮ ಸಂಸ್ಕೃತಿಯಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಕಠೋಪನಿಷತ್ತಿನ ನಚಿಕೇತ ನೆನಪಾಗುತ್ತಾನೆ. ಅವನ ಕಥೆಯನ್ನು ನನಗೆ ಶಾಲೆಯಲ್ಲಿ ಪಿತೃವಾಕ್ಯ ಪರಿಪಾಲನೆಯ ಕಥೆಯೆಂದು ಹೇಳಿಕೊಟ್ಟಿದ್ದರು. ಅಪ್ಪ ಯಮನ ಹತ್ತಿರ ಹೋಗು ಅಂದ, ಮಗ ಹೋದ. ದೊಡ್ಡವನಾಗಿ ಮೂಲದ ಅನುವಾದ ಓದಿದಾಗ ಮೇಷ್ಟ್ರು ಬಿಟ್ಟಿದ್ದ ಭಾಗ ಸಿಕ್ಕಿತು. ಅಪ್ಪ ದಾನಕ್ಕೆ ತಂದು ನಿಲ್ಲಿಸಿದ್ದ ಹಸುಗಳು ಹಾಲು ಬತ್ತಿದವು, ಗೊಡ್ಡು ಬಿದ್ದವು, ಇನ್ನೊಮ್ಮೆ ಹುಲ್ಲು ಮೇಯಲೂ ನೀರು ಕುಡಿಯಲೂ ಶಕ್ತಿಯಿಲ್ಲದವು. ಇಂಥ ದಾನದಿಂದ ಏನು ಪುಣ್ಯ ಎಂದು ಹುಡುಗನ ಮನಸ್ಸು ಕಲಕಿತು. ಹಾಗಾದರೆ ನನ್ನನ್ನು ಯಾರಿಗೆ ಕೊಡುತ್ತೀಯಪ್ಪ ಎಂದು ಮೂರು ಸಲ ಕೇಳಿದ. ಸಿಟ್ಟಿಗೆದ್ದ ಅಪ್ಪ ಯಮನಿಗೆ ಕೊಟ್ಟೆ ಎಂದ.

ಅಪ್ಪ ಸಾವಿನ ಮನೆಗೆ ಅಟ್ಟಿದ ಹುಡುಗನನ್ನು ಸಾವೇ ಎದ್ದು ಸತ್ಕರಿಸಿತು. ಮೂರು ರಾತ್ರಿ ಉಪವಾಸ ಬಾಗಿಲಲ್ಲಿ ಕಾದದ್ದಕ್ಕೆ ಯಮ ಕ್ಷಮೆ ಕೇಳಿ ಮೂರು ವರ ಕೊಟ್ಟ. ಹುಡುಗ ಕೇಳಿದ ಮೊದಲ ವರವೇ ಅಪ್ಪನ ಸಿಟ್ಟು ಇಳಿಯಲಿ, ನಾನು ಮನೆಗೆ ಹೋದಾಗ ಗುರುತು ಹಿಡಿದು ಮಾತಾಡಿಸಲಿ ಎಂಬುದು. ಪ್ರಶ್ನೆ ಕೇಳುವ ಮಕ್ಕಳಿಗೆ ಮನೆಯವರ ಮೇಲೆ ಪ್ರೀತಿಯಿಲ್ಲ ಎನ್ನುವವರು ಈ ವರವನ್ನು ನೆನಪಿಟ್ಟುಕೊಳ್ಳಬೇಕು. ಮೂರನೆಯದು ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂಬ ಪ್ರಶ್ನೆ. ಯಮ ಆನೆ, ಕುದುರೆ, ಚಿನ್ನ, ದೀರ್ಘಾಯುಷ್ಯ ಎಲ್ಲ ಕೊಡುತ್ತೇನೆ, ಇದೊಂದು ಬಿಡು ಎಂದ. ಹುಡುಗ ಬಿಡಲಿಲ್ಲ. ಕೊನೆಗೆ ಯಮ ಮೆಚ್ಚಿ, ಇಂಥ ಪ್ರಶ್ನೆ ಕೇಳುವವರೇ ನಮಗೆ ಸಿಗಲಿ ಎಂದ.

ನಮ್ಮ ಕನ್ನಡ ನಾಡಿನಲ್ಲೂ ಇದಕ್ಕೆ ಕೊರತೆಯಿಲ್ಲ. ಜನಿವಾರ ಬೇಡವೆಂದು ಉಪನಯನದ ಮಂಟಪದಿಂದ ಎದ್ದ ಬಾಲಕನ ಕಥೆಯನ್ನು ಬಸವ ಪುರಾಣದ ಪರಂಪರೆ ಹಾಡಿಕೊಂಡು ಬಂದಿದೆ. ಬಸವ ಜಯಂತಿಗೆ ನಾವು ಮಕ್ಕಳಿಗೆ ಆ ಬಾಲಕನ ವೇಷ ಹಾಕಿಸುತ್ತೇವೆ, ವಚನ ಹೇಳಿಸುತ್ತೇವೆ, ಬಹುಮಾನವಾಗಿ ಸ್ಟೀಲ್ ಲೋಟ ಕೊಡುತ್ತೇವೆ. ಅದೇ ಮಗು ಮನೆಗೆ ಬಂದು ವೇಷ ಕಳಚುತ್ತ, ಅಜ್ಜಿ, ಕೆಲಸದವಳಿಗೆ ಬೇರೆ ಲೋಟ ಯಾಕೆ ಎಂದು ಕೇಳಲಿ. ಆಗ ಗೊತ್ತಾಗುತ್ತದೆ ನಮ್ಮ ಭಕ್ತಿಯ ಆಳ.

4

ಆಧುನಿಕ ಕರ್ನಾಟಕದಲ್ಲಿ ಇಂಥ ಪ್ರಶ್ನೆಗಳಿಗೆ ಒಂದು ಸಾರ್ವಜನಿಕ ಅಂಗಳ ಕಟ್ಟಿಕೊಟ್ಟವರು ಡಾ. ಎಚ್. ನರಸಿಂಹಯ್ಯ, ನಮ್ಮೆಲ್ಲರ ಎಚ್ಚೆನ್. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಓದಿಗಾಗಿ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕು ಕಳೆದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಕೂತು ಕೇಳಲು, ಎದ್ದು ಪ್ರಶ್ನಿಸಲು ಅಲ್ಲಿ ಯಾರಿಗೂ ಟಿಕೆಟ್ ಇರಲಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ದೇಶದ ಪ್ರಸಿದ್ಧ ಪವಾಡಪುರುಷರಿಗೇ ಪತ್ರ ಬರೆದರು, ಉತ್ತರ ಬರಲಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದು ಎಚ್ಚೆನ್ ಅವರ ಮಂತ್ರವೇ ಆಗಿತ್ತು. ಅವರ ಬಗ್ಗೆ ನನಗಿರುವ ಗೌರವ ಪವಾಡ ಬಯಲು ಮಾಡಲು ಹೊರಟಿದ್ದಕ್ಕಿಂತ ಇನ್ನೊಂದು ಕಾರಣಕ್ಕೆ. ಆಡಿದಂತೆ ನಡೆದರು. ಅವರ ಕೋಣೆಯ ಬಾಗಿಲು ಗ್ರಹಣಕ್ಕೆ ಮುಚ್ಚುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ನಚಿಕೇತ ಕೇಳಿದ, ಅವನ ಪ್ರಶ್ನೆ ಅವನನ್ನು ಆತ್ಮಜ್ಞಾನಕ್ಕೆ ಒಯ್ದಿತು. ಭೀಮರಾವ್ ಕೇಳಿದ, ಅವನ ಪ್ರಶ್ನೆ ಅವನನ್ನು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ಬಳಿಗೆ ಒಯ್ದಿತು. ಎಚ್ಚೆನ್ ಕೇಳಿದರು, ಅವರ ಪ್ರಶ್ನೆ ಅವರನ್ನು ವಿಚಾರವಾದದಲ್ಲಿ ನಿಲ್ಲಿಸಿತು. ಪ್ರಶ್ನೆ ಕೇಳಿದರೆ ಮಕ್ಕಳು ನಾಸ್ತಿಕರಾಗುತ್ತಾರೆ ಎಂದು ಹೆದರುವವರೂ, ನಾಸ್ತಿಕರಾಗಲಿ ಎಂದು ಆಸೆಪಡುವವರೂ ಇಬ್ಬರೂ ತಪ್ಪು ಲೆಕ್ಕ ಹಾಕುತ್ತಿದ್ದಾರೆ. ಪ್ರಶ್ನೆ ಮಗುವಿನ ಸ್ವಂತ ಆಸ್ತಿ. ಅದು ಎಲ್ಲಿಗೆ ಹೋಗಿ ಮುಟ್ಟಬೇಕೆಂದು ನಾವು ಮೊದಲೇ ಬರೆದಿಡುವಂತಿಲ್ಲ.

ಇದೇ ಮಾತು ನಂಬುವ ಮಗುವಿಗೂ ಸಲ್ಲುತ್ತದೆ. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಿತು. ಅವರು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರು. ರಾಷ್ಟ್ರಗೀತೆ ಹಾಡುವಾಗ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಗೆ ವಿರುದ್ಧವೆಂದು ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ತೀರ್ಪಿನಲ್ಲಿ, ಮಕ್ಕಳನ್ನು ಹೊರಹಾಕಿದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅಲ್ಲಿ ಧರ್ಮದ ಕಡೆ ನಿಂತು ಶಾಲೆಯನ್ನು ಪ್ರಶ್ನಿಸಿದವರು ಮಕ್ಕಳು. ಆ ನಂಬಿಕೆ ನನ್ನದಲ್ಲ. ಆದರೆ ಆ ಮಕ್ಕಳು ನನ್ನ ಹುಬ್ಬಳ್ಳಿ ಕಡೆಯ ಹುಡುಗನ ಓರಗೆಯವರೇ. ಮನೆಯ ದೇವರನ್ನು ಗೇಲಿ ಮಾಡಿ ತರಗತಿಯನ್ನು ನಗಿಸುವ ಮೇಷ್ಟ್ರೂ, ಪ್ರಶ್ನೆಯನ್ನು ಗದರಿ ಅಡಗಿಸುವ ಮೇಷ್ಟ್ರೂ ಮಾಡುವ ಕೆಲಸ ಒಂದೇ: ಮಗುವಿನ ಬಾಯಿ ಮುಚ್ಚಿಸುವುದು.

ಸಂವಿಧಾನದ 28ನೇ ವಿಧಿ ಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆನ್ನುತ್ತದೆ. ಸರ್ಕಾರದ ಮಾನ್ಯತೆಯೋ ನೆರವೋ ಪಡೆದ ಸಂಸ್ಥೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತನಾದರೆ ಆ ಒಪ್ಪಿಗೆ ಪೋಷಕರದು. ಅಂದರೆ ಕಾನೂನಿನಲ್ಲಿ ಮಗುವಿನ ಪರವಾಗಿ ನಾವೇ ಮಾತಾಡುತ್ತೇವೆ. ಮಗುವಿನ ಮಾತಿಗೆ ಅಲ್ಲಿ ಜಾಗ ಕಡಿಮೆ. ವೈಜ್ಞಾನಿಕ ಮನೋಭಾವ, ಪ್ರಶ್ನಿಸುವ ಪ್ರವೃತ್ತಿ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎಂದು 1976ರ 42ನೇ ತಿದ್ದುಪಡಿಯಲ್ಲಿ ಸೇರಿತು. ಶಾಲೆಯ ಗೋಡೆಯ ಮೇಲೆ ಅದನ್ನು ಚೆಂದವಾಗಿ ಬರೆಸಿರುತ್ತೇವೆ. ಅದರ ಕೆಳಗೇ ಮಗುವೊಂದು ಕೈ ಎತ್ತಿದರೆ ಏನಾಗುತ್ತದೆ ಎಂಬುದು ಕಾನೂನಿನ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

5

ಕಡೆಯ ಮಾತು ಶಿಕ್ಷಕರಿಗೆ, ತಂದೆತಾಯಿಗಳಿಗೆ. ಮೊದಲ ಸಲ ಎಲ್ಲರೂ ಗದರುತ್ತೇವೆ. ರಾಮ್‌ಜಿಯವರಂಥ ತಂದೆಯೇ ಗದರಿದರು. ಅನಿರೀಕ್ಷಿತವಾಗಿ ಬಂದ ಪ್ರಶ್ನೆಗೆ ಸಿಟ್ಟು ಬರುವುದು ಮನುಷ್ಯ ಸಹಜ. ಅದಕ್ಕಾಗಿ ನಿಮ್ಮನ್ನು ಯಾರೂ ಕಟಕಟೆಗೆ ಹತ್ತಿಸುವುದಿಲ್ಲ. ಆದರೆ ರಾತ್ರಿ ಮಲಗುವಾಗ ಆ ಪ್ರಶ್ನೆಯನ್ನು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ. ಮಗು ಎರಡನೆಯ ಸಲ ಕೇಳುವಾಗ ತಯಾರಾಗಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದಕ್ಕೂ ತಯಾರಿ ಬೇಕಾಗುತ್ತದೆ. ಉತ್ತರ ಕೊಟ್ಟ ಮೇಲೂ ಮಗು ಒಪ್ಪದಿದ್ದರೆ ಸುಮ್ಮನಾಗಿ. ಮರುದಿನ ಅದಕ್ಕೆ ಬೇಕಾದ ಪುಸ್ತಕ ತಂದುಕೊಡಿ.

ಎಲ್ಲ ಮಕ್ಕಳೂ ಎರಡನೆಯ ಸಲ ಕೇಳುವುದಿಲ್ಲ ಎಂಬುದನ್ನು ಮರೆಯಬೇಡಿ. ನನ್ನ ಹುಡುಗ ಕೇಳಲಿಲ್ಲ. ಅವನಿಗೀಗ ಅರವತ್ತರ ಆಸುಪಾಸು, ಮೊಮ್ಮಕ್ಕಳಿರಬಹುದು. ಎಲ್ಲಾದರೂ ಸಿಕ್ಕರೆ ಹೇಳಲು ನನ್ನ ಉತ್ತರ ಈಗ ತಯಾರಾಗಿದೆ: ತಮ್ಮಾ, ನಾನು ಹೇಳಿದ ಪಾಠ ಸರಿಯಿತ್ತು. ಬಾಗಿಲು ಹಾಕಿದ್ದು ಅವ್ವನ ಮನಸ್ಸು ನೋಯಬಾರದೆಂದು ಅರ್ಧ, ನನಗೇ ಒಳಗೊಳಗೆ ಹೆದರಿಕೆಯಿತ್ತು ಎಂದು ಅರ್ಧ. ನಿನ್ನನ್ನು ಗದರಿದ್ದು ಮಾತ್ರ ಪೂರ್ತಿ ತಪ್ಪು.

ಇಷ್ಟು ಹೇಳಲು ನನಗೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ನೀವು ಅಷ್ಟು ತಡಮಾಡಬೇಡಿ. ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದು ಹಾಜರಿ ಕರೆದಾದ ಮೇಲೆ, ಹಿಂದೆ ಎಂದೋ ನೀವು ಕೂರಿಸಿದ ಮಗುವಿನ ಹೆಸರು ಹಿಡಿದು ಕರೆಯಿರಿ. ಅವತ್ತು ಏನೋ ಕೇಳಿದ್ದೆಯಲ್ಲ, ಇನ್ನೊಮ್ಮೆ ಕೇಳು ಎನ್ನಿ.